ತಂಗಿಯ ತಟ್ಟೆ

ಬ್ರೆಡ್ಡಿನ ಮೂಲೆಯ ತನಕ ಅಮ್ಮ ಬೆಣ್ಣೆ ಸವರಿದ್ದನ್ನು ನಾನು ಮೊದಲ ಬಾರಿಗೆ ನೋಡಿದಾಗ ನನಗೆ ಇಪ್ಪತ್ತೆರಡು ವರ್ಷ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಬೆಣ್ಣೆ ನಡುವೆ ಒಂದು ಬೊಟ್ಟು ಬೀಳುತ್ತಿತ್ತು, ಮಿಕ್ಕದ್ದು ತಿನ್ನುವವರ ಹಣೆಬರಹ. ಈಗ ಅಮ್ಮ ಚಾಕುವನ್ನು ಅಡ್ಡ ಹಿಡಿದು, ರೇಷ್ಮೆ ಬಟ್ಟೆಯ ಅಂಚು ಮಡಿಸುವಷ್ಟು ಜೋಪಾನವಾಗಿ ನಾಲ್ಕು ಮೂಲೆಗೂ ಎಳೆಯುತ್ತಿದ್ದಳು. ಆಮೇಲೆ ಅದನ್ನು ಒಂಬತ್ತು ತುಂಡು ಮಾಡಿ, ತಟ್ಟೆಯನ್ನು ನನ್ನ ತಂಗಿಯ ಮುಂದಿಟ್ಟು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೈಕಟ್ಟಿ ಕೂರುತ್ತಿದ್ದಳು.

ಅಮ್ಮ ಕೈಕಟ್ಟಿ ಕೂತದ್ದನ್ನು ನಾನು ಕಂಡವಳೇ ಅಲ್ಲ. ನನಗೆ ಜ್ವರ ಬಂದಾಗಲೂ ಹೊಲಿಗೆ ಯಂತ್ರದ ಮುಂದಿನಿಂದಲೇ, ಕಾಲು ನಿಲ್ಲಿಸದೆ, “ಮಾತ್ರೆ ತಗೊಂಡ್ಯಾ?” ಎಂದು ಕೂಗಿದವಳು ಅವಳು. ತಂಗಿಗೆ ಈಗ ದಿನಕ್ಕೆ ಆರು ಸಲ ಆ ಯಂತ್ರ ನಿಲ್ಲುತ್ತಿತ್ತು. ಅದು ನಿಂತದ್ದನ್ನೆಲ್ಲ ನಾನು ಎಣಿಸುತ್ತಿದ್ದೆ.

ನಮ್ಮದು ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ನಡುವೆ ಒಂದು ಪರದೆ. ಅಮ್ಮ, ನಾನು ಹೆಂಗಸರ ಬಟ್ಟೆ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದೆವು. ಅಪ್ಪ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದರು. ಸಂಜೆ ಬಂದು ಕೈಕಾಲು ತೊಳೆದು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಹುಟ್ಟಿದಾಗಿನಿಂದ ಅದನ್ನು ಕೇಳುತ್ತ ಬೆಳೆದ ನನಗೆ ಮಾತಾಡುವುದಕ್ಕಿಂತ ಕೇಳುವುದು ಸಲೀಸು. ಮನೆಯಲ್ಲಿ ನಮ್ಮನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಐದು ವರ್ಷಕ್ಕೇ ಒಂದೇ ಸಲಕ್ಕೆ ದಾರ ಪೋಣಿಸಿದ್ದಕ್ಕೆ ಅಪ್ಪ ತಂಗಿಗೆ ಸೂಜಿ ಎಂದರು. ಅದಕ್ಕೂ ಮೊದಲೇ ನಾನು ಗುಂಡಿಯಾಗಿದ್ದೆ. ಅಂಗಿಯ ಗುಂಡಿ. ಯಾಕೆಂದು ಯಾರೂ ಹೇಳಬೇಕಾಗಿರಲಿಲ್ಲ.

“ಸೂಜಿ ಸೊಂಟ ನೋಡು, ಗುಂಡಿ ಸೊಂಟ ನೋಡು. ಒಂದೇ ಮನೆ ಅನ್ನ ಅಂದ್ರೆ ಯಾರು ನಂಬ್ತಾರೆ!” ಅಂಗಡಿಗೆ ಬರುತ್ತಿದ್ದ ನಿವೃತ್ತ ಟೀಚರಮ್ಮ ಪ್ರತಿ ಸಲವೂ ಹೀಗೆ ಹೇಳಿ ತಾವೇ ನಗುತ್ತಿದ್ದರು. ಅಮ್ಮನೂ ಗಿರಾಕಿಯ ಮಾತಿಗೆ ನಗುತ್ತಿದ್ದಳು. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡಿರುತ್ತಿದ್ದೆ. ಅದೊಂದು ಅನುಕೂಲ, ನಗಬೇಕಾಗಿರಲಿಲ್ಲ.

ಸೂಜಿಗೆ ಹದಿನೇಳು ತುಂಬುವ ಹೊತ್ತಿಗೆ ಅವಳ ಬಟ್ಟೆ ಸಡಿಲವಾಗತೊಡಗಿತು. ಬೇರೆ ಯಾವ ಮನೆಯಲ್ಲಾದರೂ ಅದು ಕಣ್ಣಿಗೆ ಬೀಳುತ್ತಿತ್ತು. ನೆರೆಯವರಾದರೂ ‘ಏನಮ್ಮ, ಅಂಗಿ ಹ್ಯಾಂಗರಿಗೆ ಹಾಕಿದ ಹಾಗಿದೆ’ ಅನ್ನುತ್ತಿದ್ದರು. ನಮ್ಮದು ಹೊಲಿಗೆಯವರ ಮನೆ. ಸಡಿಲವಾದ ಬಟ್ಟೆ ಒಂದು ದಿನವೂ ಸಡಿಲವಾಗಿ ಉಳಿಯುವುದಿಲ್ಲ. ಅವಳು ಪರದೆ ಸರಿಸಿ ಬಂದು, “ಅಕ್ಕ, ಒಂದು ಅರ್ಧ ಇಂಚು ಹಿಡಿದುಕೊಡೇ,” ಎನ್ನುವಳು. ನಾನು ಹಿಡಿದುಕೊಡುವೆ. ಹದಿನೈದು ದಿನಕ್ಕೆ ಮತ್ತೆ ಅರ್ಧ ಇಂಚು. ಬಟ್ಟೆ ಮೈಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು, ಅವಳು ಅಂದವಾಗಿ ಕಾಣುತ್ತಿದ್ದಳು, ಟೀಚರಮ್ಮ ಹೊಗಳುತ್ತಿದ್ದರು. ಅಂತೂ ನನ್ನ ತಂಗಿ ಕರಗುತ್ತಿದ್ದದ್ದನ್ನು ಮುಚ್ಚಿ ಹೊಲಿದವಳು ನಾನೇ. ಪ್ರತಿ ಸಲ ಸೀಮೆಸುಣ್ಣದಲ್ಲಿ ಗೆರೆ ಎಳೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ನನಗೆ ಯಾಕೆ ಹೀಗಾಗುವುದಿಲ್ಲ?

ಕಾಲೇಜಿನ ಮೆಟ್ಟಿಲ ಮೇಲೆ ಅವಳು ತಲೆಸುತ್ತಿ ಬಿದ್ದ ಮೇಲೆ ಎಲ್ಲ ಹೊರಬಿತ್ತು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಮೆತ್ತಗೆ, ಸುತ್ತುಬಳಸು ಇಲ್ಲ. ಅಮ್ಮ ಅವರ ಮುಂದೆ, “ಹಟ ಮೇಡಂ, ಚಿಕ್ಕಂದಿನಿಂದಲೂ ಹಟ. ಎರಡು ಬಿಗಿದ್ರೆ ಸರಿಹೋಗ್ತಾಳೇನೋ,” ಎಂದಳು.

“ಜ್ವರ ಬಂದೋರಿಗೆ ಬಿಗಿದ್ರೆ ಜ್ವರ ಇಳಿಯತ್ತಾ?” ಡಾಕ್ಟರು ಕೇಳಿದರು. “ಇದು ಹಟ ಅಲ್ಲ, ಸೋಗೂ ಅಲ್ಲ. ಕಾಯಿಲೆ. ಹೃದಯ ನಿಧಾನ ಆಗಿದೆ, ಮುಟ್ಟು ನಿಂತು ಐದು ತಿಂಗಳಾಗಿದೆ. ಜೀವಕ್ಕೆ ಅಪಾಯ ಇರೋ ಕಾಯಿಲೆ.”

“ಯಾರಿಂದ ಬಂತು?” ಎಂದರು ಅಪ್ಪ. ಅವರ ಸ್ವರ ಸಣ್ಣದಾಗಿತ್ತು.

“ಇಂಥೋರಿಂದ ಅಂತ ಬೆರಳು ತೋರಿಸೋಕಾಗಲ್ಲ. ಹುಟ್ಟಿನಿಂದ ಬಂದಿದ್ದು ಒಂದಿಷ್ಟು, ಎಲ್ಲ ಅಚ್ಚುಕಟ್ಟಾಗಿರಬೇಕು ಅನ್ನೋ ಸ್ವಭಾವ ಒಂದಿಷ್ಟು, ಜನರ ಬಾಯಿ ಒಂದಿಷ್ಟು. ಶುರುವಾದ ಮೇಲೆ ಹಸಿವೇ ಅದನ್ನ ಸಾಕತ್ತೆ. ಹೊಟ್ಟೆಗಿಲ್ಲದ ಮೆದುಳು ಅನ್ನ ಕಂಡ್ರೇ ಹೆದರತ್ತೆ. ಹಾಗಾಗಿ ಮೊದಲು ಊಟ, ಆಮೇಲೆ ಮಾತುಕತೆ. ಸದ್ಯಕ್ಕೆ ಕಾಲೇಜು ಬೇಡ, ಊಟವೇ ಔಷಧಿ. ಮೂರು ಊಟ, ಮೂರು ತಿಂಡಿ. ಎಷ್ಟು ಅಂತ ತೀರ್ಮಾನ ಮಾಡೋದು ನೀವು, ಅವಳಲ್ಲ. ತಟ್ಟೆ ಖಾಲಿ ಆಗೋ ತನಕ ಮನೆಯವರು ಯಾರಾದರೂ ಪಕ್ಕದಲ್ಲಿ ಕೂತಿರಬೇಕು. ಬೈಯೋ ಹಾಗಿಲ್ಲ, ಬಿಟ್ಟುಕೊಡೋ ಹಾಗೂ ಇಲ್ಲ.”

ಊಟದ ಹೊತ್ತಿನಲ್ಲಿ ಊಟದ ಮಾತು ಬೇಡ, ಮೈಯ ಮಾತಂತೂ ಬೇಡವೇ ಬೇಡ, ಬೇರೆ ಏನಾದರೂ ಮಾತಾಡಿ ಎಂದೂ ಹೇಳಿದರು. ಅಪ್ಪ ಅದನ್ನು ತಮ್ಮ ಪಾಲಿನ ಕೆಲಸವೆಂದು ಹಿಡಿದರು. ಮೊದಲ ಸಂಜೆ ಓದಿದ್ದು ಗಾಳಿ ಕುಡಿದು ತಪಸ್ಸು ಮಾಡಿದವರ ಪದ್ಯ. ಸೂಜಿ ಚಮಚ ಕೆಳಗಿಟ್ಟು, ಕಣ್ಣರಳಿಸಿ ಕೇಳಿದಳು. ಅಮ್ಮ ಮೇಜಿನ ಕೆಳಗೆ ಅಪ್ಪನ ಕಾಲು ತುಳಿದಳು. ಮರುದಿನ ಅರಮನೆಯ ಔತಣದ ಪದ್ಯ. ಸೂಜಿ ಎದ್ದೇ ಹೋದಳು. ಕೊನೆಗೆ ಅಪ್ಪ ಯುದ್ಧದ ಭಾಗ ಹಿಡಿದರು. “ಅಲ್ಲಿ ಯಾರೂ ಊಟ ಮಾಡಲ್ಲ, ಯಾರೂ ಉಪವಾಸನೂ ಇರಲ್ಲ. ಸಾಯ್ತಾರೆ, ಅಷ್ಟೇ,” ಎಂದರು. ಎಷ್ಟೋ ದಿನಗಳ ಮೇಲೆ ಸೂಜಿ ನಕ್ಕಳು. ಅವಳು ನಕ್ಕದ್ದಕ್ಕೆ ಅಪ್ಪನ ಮುಖ ಅರಳಿತು, ಅಮ್ಮನ ಮುಖವೂ ಅರಳಿತು. ನಾನೂ ನಕ್ಕಿದ್ದೆ. ಲೆಕ್ಕಕ್ಕಿರಲಿಲ್ಲ.

ಬೆಳಿಗ್ಗೆ ದೇವರ ಮುಂದೆ ನಿಂತು ‘ಅವಳನ್ನು ಕಾಪಾಡು’ ಎಂದು ಶುರುಮಾಡುತ್ತಿದ್ದೆ. ಪ್ರಾರ್ಥನೆ ನಡುದಾರಿಯಲ್ಲಿ ತಿರುವು ತೆಗೆದುಕೊಂಡು, ‘ನನಗೂ ಏನಾದರೂ ಕೊಡು’ ಎಂಬಲ್ಲಿ ಹೋಗಿ ನಿಲ್ಲುತ್ತಿತ್ತು. ಸಾಯುವಂಥದ್ದು ಬೇಡ. ಒಂದು ಯಂತ್ರ ನಿಲ್ಲಿಸುವಷ್ಟು ದೊಡ್ಡದು ಸಾಕು. ಹೀಗೆ ಬೇಡಿದ್ದಕ್ಕೆ ಕೆನ್ನೆ ಬಡಿದುಕೊಂಡು ಅಂಗಡಿಗೆ ಹೋಗುತ್ತಿದ್ದೆ.

ಎರಡು ತಿಂಗಳಲ್ಲಿ ಸೂಜಿಯ ತೂಕ ಸ್ವಲ್ಪ ಏರಿತು. ಆಗ ಸಮವಸ್ತ್ರದ ಕಾಲ ಬಂತು. ಶಾಲೆಯಲ್ಲಿ ಅಳತೆ ತೆಗೆದುಕೊಳ್ಳಲು ಬಿಡುತ್ತಿದ್ದದ್ದು ಮಧ್ಯಾಹ್ನದ ಬಿಡುವಿನಲ್ಲಿ ಮಾತ್ರ. ಎರಡು ವಾರ ಅಮ್ಮ ಮಧ್ಯಾಹ್ನ ಮನೆಯಲ್ಲಿ ಇರುವಂತಿರಲಿಲ್ಲ.

“ಮಧ್ಯಾಹ್ನದ ಊಟಕ್ಕೆ ನೀನು ಕೂರು,” ಅಮ್ಮ ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಹೇಳಿದಳು. “ಅನ್ನ, ಬೇಳೆ, ಮೊಟ್ಟೆ, ಬೆಣ್ಣೆ ಬ್ರೆಡ್ಡು, ಹಾಲು. ಎಲ್ಲ ಹಾಕಿಟ್ಟಿದೀನಿ. ಒಂದು ಅಗುಳೂ ಉಳೀಬಾರದು. ಗುಂಡಿ, ನಿನ್ನ ನಂಬಿದೀನಿ.”

ಮೊದಲ ದಿನ ಸೂಜಿ ಅನ್ನವನ್ನು ತಟ್ಟೆಯ ಸುತ್ತ ಮೆರವಣಿಗೆ ಮಾಡಿಸಿದಳು. ಅರ್ಧ ಗಂಟೆಯಾಯಿತು. ನಾಲ್ಕು ತುತ್ತು ಹೋಗಿರಬಹುದು.

“ತಿನ್ನೇ,” ಎಂದೆ.

“ಆಗ್ತಿಲ್ಲ ಅಕ್ಕ.”

“ಅಮ್ಮ ಇದ್ದಾಗ ಆಗತ್ತಲ್ಲ?”

“ಅಮ್ಮ ಇದ್ದಾಗಲೂ ಆಗಲ್ಲ. ಅಳ್ತಾ ತಿಂತೀನಿ, ಅಷ್ಟೇ.” ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದಳು. “ನೀನು ಆ ಬ್ರೆಡ್ಡನ್ನ ಬೆಳಿಗ್ಗೆಯಿಂದ ನೋಡ್ತಿದೀಯ. ನೀನೇ ತಿಂದುಬಿಡು. ಅಮ್ಮನಿಗೆ ಹೇಳಲ್ಲ.”

ಬೆಣ್ಣೆ ಮೂಲೆಯ ತನಕ ಇತ್ತು. ಒಂಬತ್ತು ತುಂಡೂ ಒಂದೇ ಅಳತೆ. ಅವುಗಳನ್ನು ಕತ್ತರಿಸುವಾಗ ಅಮ್ಮ ಯಾರನ್ನು ನೆನೆದಿದ್ದಳು ಎಂದು ನನಗೆ ಗೊತ್ತಿತ್ತು. ಒಂದು ತುಂಡು ಬಾಯಿಗಿಟ್ಟೆ. ಆಮೇಲೆ ಒಂಬತ್ತೂ. ಮೊಟ್ಟೆ, ಆರಿದ ಅನ್ನ, ಕೆನೆಗಟ್ಟಿದ ಹಾಲು. ನನಗೆ ಹಸಿವಿರಲಿಲ್ಲ, ನನ್ನ ಊಟ ಆಗಿತ್ತು. ಆದರೂ ಕಳ್ಳ ಬೆಕ್ಕಿನ ಹಾಗೆ, ಬಾಗಿಲ ಕಡೆ ಕಣ್ಣಿಟ್ಟು, ತಟ್ಟೆ ಬಳಿದು ತಿಂದೆ. ಸೂಜಿ ನೋಡುತ್ತಲೇ ಇದ್ದಳು. ಅವಳ ಮುಖದಲ್ಲಿ ಭಾರ ಇಳಿಸಿದವಳ ನಿರಾಳ ಇತ್ತು.

ಅಮ್ಮ ಬಂದವಳು ಚಪ್ಪಲಿ ಬಿಡುವ ಮೊದಲೇ ತಟ್ಟೆ ನೋಡಿದಳು. ಆಮೇಲೆ ನನ್ನ ಕೆನ್ನೆಗೆ ಕೈ ಇಟ್ಟಳು. “ನನಗಿಂತ ನೀನೇ ವಾಸಿ. ನೀನು ಕೂತ್ರೆ ತಿಂತಾಳೆ ನೋಡು!”

ಆ ಕೈಯಲ್ಲಿ ಸೀಮೆಸುಣ್ಣದ ಪುಡಿ ಇತ್ತು. ಸಂಜೆಯ ತನಕ ನಾನು ಮುಖ ತೊಳೆಯಲಿಲ್ಲ.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ನಾವು ಮಾತಾಡಿಕೊಳ್ಳಲೂ ಇಲ್ಲ. ಅವಳು ತಟ್ಟೆಯನ್ನು ಎರಡು ಬೆರಳಲ್ಲಿ ನನ್ನ ಕಡೆಗೆ ತಳ್ಳುವಳು, ನಾನು ತಿನ್ನುವೆ. ಅವಳಿಗೆ ಬೇಡದ್ದು ನನಗೆ ಸಿಗುತ್ತಿತ್ತು. ಸಂಜೆ ಅಮ್ಮನ ಹೊಗಳಿಕೆಯೂ ಸಿಗುತ್ತಿತ್ತು. ಅಮ್ಮ ಅಪ್ಪನಿಗೆ ಹೇಳಿದಳು, ಟೀಚರಮ್ಮನಿಗೂ ಹೇಳಿದಳು: “ದೊಡ್ಡವಳು ಇಲ್ದಿದ್ರೆ ನನ್ನ ಕೈ ಮುರಿದ ಹಾಗಾಗ್ತಿತ್ತು.” ಇಪ್ಪತ್ತೆರಡು ವರ್ಷ ಕಾದು ಕೇಳಿದ ಮಾತು. ಅದು ಸುಳ್ಳಿನ ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಅದರ ಮೇಲೆ ಕಾಲು ಚಾಚಿ ಕೂತೆ.

ಹನ್ನೊಂದನೆಯ ದಿನ ಸಂಜೆ ಡಾಕ್ಟರ ಹತ್ತಿರ ತೂಕದ ಸರದಿ. ಸೂಜಿಯನ್ನು ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು, ಅವಳಿಗೆ ಅಂಕಿ ಕಾಣಬಾರದೆಂದು. ಅಮ್ಮನಿಗೆ ಕಂಡಿತು. ಹಿಂದಿನ ವಾರ ಸ್ವಲ್ಪ ಇಳಿದಿತ್ತು. ಈ ವಾರ ಇನ್ನೂ ಇಳಿದಿತ್ತು. ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು.

“ಎರಡು ದಿನ ಬಿಟ್ಟು ಮತ್ತೆ ಕರ್ಕೊಂಬನ್ನಿ. ಹೀಗೇ ಇದ್ರೆ ಮನೇಲಿ ಇಟ್ಕೊಳೋದು ಕ್ಷೇಮ ಅಲ್ಲ. ವಾರ್ಡಿಗೆ ಸೇರಿಸಬೇಕು,” ಎಂದರು.

ಮನೆಗೆ ಬಂದು ಅಮ್ಮ ಅಂಗಡಿಯ ಕತ್ತರಿ ಮೇಜಿನ ಮುಂದೆ ನಿಂತಳು. ಬಟ್ಟೆ ಹಾಸಿರಲಿಲ್ಲ, ಸುಮ್ಮನೆ ಬರೀ ಹಲಗೆಯನ್ನು ಸವರುತ್ತಿದ್ದಳು.

“ಬೆಳಿಗ್ಗೆ ನಾನು ಹಾಕೋದು ಕಮ್ಮಿ ಆಗ್ತಿದೆಯೇನೋ,” ಎಂದಳು. “ರಾತ್ರಿದೂ ಕಮ್ಮಿ. ನಿನ್ನ ಮಧ್ಯಾಹ್ನದ ಊಟ ಒಂದೇ ನೋಡು ನೆಟ್ಟಗೆ ನಡೀತಿರೋದು. ನನ್ನ ಕೈಯಲ್ಲೇ ಏನೋ ದೋಷ ಇದೆ. ಜನರ ಅಳತೆ ಎಲ್ಲ ಸರಿಯಾಗಿ ತೆಗೀತೀನಿ, ಹೆತ್ತ ಮಗಳದ್ದೇ ತಪ್ಪಿದೆ.”

ಬಾಯಿ ತೆರೆದೆ. ಟೀಚರಮ್ಮ ಒಳಗೆ ಬಂದು, “ಏನಮ್ಮ, ನನ್ನ ರವಿಕೆ ತೋಳು ಆಯ್ತಾ?” ಎಂದರು. ಬಾಯಿ ಮುಚ್ಚಿದೆ. ಅವರು ಬಾರದಿದ್ದರೂ ಮುಚ್ಚುತ್ತಿದ್ದೆನೋ ಏನೋ. ಹೇಳಿದರೆ ತಂಗಿ ಉಳಿಯುತ್ತಾಳೆ. ಅಮ್ಮ ಈಚೆಗಷ್ಟೇ ನನ್ನ ಕಡೆ ತಿರುಗಿಸಿದ ಮುಖವನ್ನು ಮತ್ತೆ ಆಚೆ ತಿರುಗಿಸುತ್ತಾಳೆ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದೆ. ತೂಗಿದೆ ಎಂಬುದೇ ನನ್ನ ಪಾಪ. ತೂಗದೆಯೇ ಹೇಳಬೇಕಾಗಿತ್ತು.

ಮರುದಿನ ಮಧ್ಯಾಹ್ನ ಸೂಜಿ ಎಂದಿನಂತೆ ತಟ್ಟೆ ತಳ್ಳಿದಳು. ನಾನು ವಾಪಸು ತಳ್ಳಿದೆ.

“ಏನಾಯ್ತು?”

“ಇವತ್ತು ನೀನೇ ತಿನ್ನಬೇಕು.”

“ಹೊಟ್ಟೆ ತುಂಬಿದೆಯಾ ನಿನಗೆ? ಆಮೇಲೆ ತಿನ್ನು.”

“ಸೂಜಿ, ನಿನ್ನ ನಾಡಿ ಹಿಡಿದು ಡಾಕ್ಟರು ಸುಮ್ಮನಾದ್ರು. ನೋಡಿದ್ಯಾ?”

“ಅವರು ಯಾವಾಗಲೂ ಹಾಗೇ.” ಅವಳ ದನಿ ಗಡುಸಾಯಿತು. ಹೀಗೆ ಗಡುಸಾದಾಗ ಮಾತಾಡುವುದು ಕಾಯಿಲೆ, ಮಗಳಲ್ಲ ಎಂದು ಡಾಕ್ಟರು ಅಮ್ಮನಿಗೆ ಹೇಳಿಕೊಟ್ಟಿದ್ದರು. “ನೀನು ತಿನ್ನದಿದ್ರೆ ಅಮ್ಮನಿಗೆ ಹೇಳ್ತೀನಿ. ಹನ್ನೊಂದು ದಿನ ತಿಂದಿದ್ದು ನೀನೇ ಅಂತ.”

“ಹೇಳು.”

ಅವಳು ಅದನ್ನು ನಿರೀಕ್ಷಿಸಿರಲಿಲ್ಲ. ಚಮಚ ಎತ್ತಿ ಎಸೆದಳು. ಗೋಡೆಗೆ ಬೇಳೆ ಹಾರಿತು.

“ನನಗೆ ಸಹಾಯ ಮಾಡ್ತಿದೀಯ ಅಂದ್ಕೊಂಡಿದ್ದೆ!”

“ಇಲ್ಲ. ಸಹಾಯ ಮಾಡ್ಲಿಲ್ಲ ನಾನು.” ಇಷ್ಟು ದಿನ ದೇವರಿಗೆ ಮಾತ್ರ ಹೇಳಿದ್ದನ್ನು ಅವಳಿಗೆ ಹೇಳಿದೆ. “ನನಗೆ ಹೊಟ್ಟೆಕಿಚ್ಚು. ಅಮ್ಮ ನಿನಗೆ ಬೆಣ್ಣೆ ಸವರೋದು ನೋಡಿದ್ರೆ ಉರಿಯತ್ತೆ. ನಿನ್ನ ಪಕ್ಕ ಕೂರೋದು ನೋಡಿದ್ರೆ ಉರಿಯತ್ತೆ. ಅದಕ್ಕೇ ತಿಂದೆ.”

ಸೂಜಿ ನಗುವೋ ಅಳುವೋ ತಿಳಿಯದ ಒಂದು ಸದ್ದು ಮಾಡಿದಳು.

“ತಗೊಂಡು ಹೋಗು! ಅಮ್ಮನ್ನ ತಗೊಂಡು ಹೋಗು ಮೊದಲು! ದಿನಕ್ಕೆ ಆರು ಸಲ ಪಕ್ಕದಲ್ಲಿ ಕೂತು ನನ್ನ ಬಾಯಿ ನೋಡ್ತಾಳೆ. ಬಚ್ಚಲಿಗೆ ಹೋದ್ರೆ ಬಾಗಿಲಾಚೆ ನಿಂತಿರ್ತಾಳೆ. ನಿನಗೆ ಹೊಟ್ಟೆಕಿಚ್ಚಾ? ನನಗೆ ನಿನ್ನ ಕಂಡ್ರೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ಹಸಿದ್ರೆ ತಿಂತೀಯ, ತುಂಬಿದ್ರೆ ಏಳ್ತೀಯ. ಆ ಕಡೆ ಹೋಗಿ ಅಂಗಿಗೆ ಕಾಜಾ ಹೊಲೀತೀಯ. ನನಗೆ ಒಂದು ತುಂಡು ಬ್ರೆಡ್ಡಿಗೆ ಒಳಗೊಂದು ಕೋರ್ಟು ನಡೀಬೇಕು. ತಿನ್ನಬೇಡ ಅನ್ನೋರೇ ವಕೀಲರು, ಜಡ್ಜೂ ಅವರೇ. ಒಂದು ಸಲನೂ ನಾನು ಗೆದ್ದಿಲ್ಲ.”

ನನ್ನನ್ನು ಕಂಡು ಹೊಟ್ಟೆಕಿಚ್ಚು ಪಡುವವರು ಈ ಲೋಕದಲ್ಲಿ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಬೇರೆ ಚಮಚ ತಂದೆ.

“ಕೋರ್ಟು ನಡೀಲಿ. ನಾನು ಕೂತಿರ್ತೀನಿ,” ಎಂದೆ.

ಒಂದೂವರೆ ಗಂಟೆಯಲ್ಲಿ ಅವಳು ಮೂರು ತುಂಡು ಬ್ರೆಡ್ಡು ತಿಂದಳು. ಒಂದೊಂದಕ್ಕೂ ಅತ್ತಳು, ನನ್ನನ್ನು ಬೈದಳು, ಗೂಬೆ ಎಂದಳು, ಗುಂಡುಕಲ್ಲು ಎಂದಳು. ಆರು ತುಂಡು ಉಳಿದವು. ಅನ್ನ ಮುಟ್ಟಲೇ ಇಲ್ಲ. ಬಾಗಿಲ ಸದ್ದಾಯಿತು.

ಅಮ್ಮ ತುಂಬಿದ ತಟ್ಟೆ ನೋಡಿದಳು, ಗೋಡೆಯ ಬೇಳೆ ನೋಡಿದಳು, ನನ್ನನ್ನು ನೋಡಿದಳು. “ಇವತ್ತು ಏನಾಯ್ತು?”

“ಇವತ್ತು ಮೂರು ತುಂಡು ತಿಂದಿದಾಳೆ ಅಮ್ಮ,” ಎಂದೆ. “ನಿನ್ನೆ ತನಕ ಏನೂ ತಿಂದಿರ್ಲಿಲ್ಲ. ನಾಲ್ಕು ತುತ್ತು, ಅಷ್ಟೇ. ಮಿಕ್ಕಿದ್ದು ನಾನು ತಿಂದೆ.”

“ಎಷ್ಟು ದಿನ?”

“ಹನ್ನೊಂದು.”

ಅಮ್ಮ ಹೊಡೆಯುತ್ತಾಳೆಂದು ಕಾದೆ. ಹೊಡೆದಿದ್ದರೆ ಅಷ್ಟಾದರೂ ನನ್ನ ಪಾಲಿಗೆ ಬಂದಿರುತ್ತಿತ್ತು. ಅವಳು ಕುರ್ಚಿಯ ಬೆನ್ನು ಹಿಡಿದು, “ನಿನಗೆ ಹಸಿವಾಗಿದ್ರೆ ಕೇಳಬಾರದಿತ್ತಾ?” ಎಂದಳು.

“ಹಸಿವಾಗಿರ್ಲಿಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಯಿತೆಂದು ನನಗೆ ತಿಳಿದದ್ದು ಅವಳು ನನ್ನ ಕಡೆ ನೋಡುವುದನ್ನು ನಿಲ್ಲಿಸಿದಾಗ. ಪರದೆಯಾಚೆ ಹೋಗಿ ಡಾಕ್ಟರಿಗೆ ಫೋನು ಮಾಡಿದಳು. ಅಂದೇ ಸಂಜೆ ಸೂಜಿಯನ್ನು ವಾರ್ಡಿಗೆ ಸೇರಿಸಿದರು. ಅಮ್ಮ ಅವಳ ಜೊತೆ ಉಳಿದಳು.

ಸಮವಸ್ತ್ರಗಳನ್ನು ನಾನೊಬ್ಬಳೇ ಮುಗಿಸಿದೆ. ಒಂಬತ್ತು ದಿನ ಅಮ್ಮ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. “ಕಾಲರು ಎಷ್ಟಾಯ್ತು?” “ಇಪ್ಪತ್ತು.” “ಇಸ್ತ್ರಿ?” “ಆಯ್ತು.” ಫೋನು ಇಡುವ ಮೊದಲು ಆ ಕಡೆಯಿಂದ ವಾರ್ಡಿನ ಪಾತ್ರೆಗಳ ಸದ್ದು ಕೇಳುತ್ತಿತ್ತು. ಆಗಲೂ ನನಗೆ ಉರಿಯುತ್ತಿತ್ತು. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಆರುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳುತ್ತಾರೆ. ನನಗಂತೂ ಆರಲಿಲ್ಲ.

ಹತ್ತನೆಯ ದಿನ ಡಾಕ್ಟರು ಹೇಳಿಕಳಿಸಿದರು, ಅಕ್ಕನೂ ಬರಲಿ ಎಂದು. ವಾರ್ಡಿನ ಊಟದ ಕೋಣೆಯಲ್ಲಿ ಉದ್ದನೆಯ ಮೇಜು, ಒಂದು ಗಡಿಯಾರ, ಕಿಟಕಿಗೆ ಹಳದಿ ಪರದೆ. ಊಟದ ಹೊತ್ತಿಗೆ ಬಂದವರೂ ಊಟ ಮಾಡಲೇಬೇಕು ಎಂಬುದು ಅಲ್ಲಿಯ ನಿಯಮ. ನರ್ಸಮ್ಮ ನನ್ನ ಮುಂದೆ ತಟ್ಟೆ ಇಟ್ಟು, “ನಿಮ್ಮದು ನಿಮಗೆ, ಅವಳದ್ದು ಅವಳಿಗೆ. ಅದಲು ಬದಲು ಮಾಡೋ ಹಾಗಿಲ್ಲ,” ಎಂದರು. ಎಲ್ಲರಿಗೂ ಹೇಳುವ ಮಾತದು. ನನ್ನ ಕಿವಿ ಮಾತ್ರ ಬಿಸಿಯಾಯಿತು.

ಸೂಜಿಯ ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. ಅಮ್ಮ ಅವಳ ಪಕ್ಕದಲ್ಲಿ, ನನಗೆ ಅರ್ಧ ಬೆನ್ನು ಮಾಡಿ ಕೂತಿದ್ದಳು. ಸೂಜಿಯ ಚಮಚ ನಡುದಾರಿಯಲ್ಲಿ ನಿಂತಾಗಲೆಲ್ಲ ಅಮ್ಮನ ಅಂಗೈ ಅವಳ ಬೆನ್ನ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ನೋಡಿದೆ. ಐದು ನಿಮಿಷ ನೋಡಿದೆ. ಆಮೇಲೆ ಚಮಚ ಕೆಳಗಿಟ್ಟೆ.

“ಅಂಗಡಿ ಹಾಗೇ ಬಿಟ್ಟು ಬಂದಿದೀನಿ. ಹೊರಡ್ತೀನಿ,” ಎಂದೆ.

“ಕೂತ್ಕೋ,” ಎಂದಳು ಸೂಜಿ. ನನ್ನ ಕಡೆ ನೋಡದೆ, ತಟ್ಟೆಯನ್ನೇ ದುರುಗುಟ್ಟಿ ನೋಡುತ್ತ. “ನೀನಿದ್ರೆ ಅಮ್ಮ ಸ್ವಲ್ಪ ಹೊತ್ತು ಆ ಕಡೆನೂ ನೋಡ್ತಾಳೆ. ನನ್ನ ಪ್ರಾಣ ಉಳಿಯತ್ತೆ.”

ಅಮ್ಮನ ಕೈ ಬೆನ್ನಿನ ನಡುವೆ ನಿಂತಿತು. ಅವಳು ನಿಧಾನಕ್ಕೆ ತಿರುಗಿದಳು. ಮುಖದಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಹನ್ನೊಂದು ದಿನದ ಸುಳ್ಳಿನಲ್ಲಿ ನನಗೆ ಸಿಕ್ಕಿದ್ದ ಮುಖಕ್ಕಿಂತ ಇದು ನೆಟ್ಟಗೆ ನನ್ನನ್ನೇ ನೋಡುತ್ತಿತ್ತು.

“ಅನ್ನ ಆರ್ತಿದೆ,” ಎಂದಳು ನನಗೆ. “ತಿನ್ನು.”

ತಿಂದೆ. ನನ್ನದು ಮುಗಿದಾಗ ಸೂಜಿ ಇನ್ನೂ ಅರ್ಧದಲ್ಲಿದ್ದಳು. ಅಮ್ಮ ಮತ್ತೆ ಅವಳ ಕಡೆ ತಿರುಗಿದ್ದಳು. ನನಗೆ ಉರಿಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.